ರೇಸಿನಲ್ಲಿ ಹಿಂದಿನ ಸಾಲಿನಲ್ಲಿರುವ ಡ್ರೈವರುಗಳಿಗೂ, ನನ್ನ ಕೈ ಬಿಡದವರಿಗೂ

ಸೋಮವಾರ ಕೆಲಸಕ್ಕೆ ಸೇರಿದೆ. ಮತ್ತೆ ರೇಸ್ ಕಾರಿನ ಕೆಲಸವೇ, ಮತ್ತೆ ಸಣ್ಣ ಟೀಮೇ. ಇಷ್ಟು ದಿನ ಫೋನ್ ಮಾಡಿ, ಮೆಸೇಜ್ ಹಾಕಿ ವಿಚಾರಿಸಿಕೊಂಡವರು ತುಂಬ ಜನ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳೋಕೆ ಆಗಲಿಲ್ಲ. ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಪರಿಚಯ ಇಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಊರು ಹಾಸನ. ಈಗ ಇರುವುದು ಅಮೆರಿಕದ ನಾರ್ತ್ ಕ್ಯಾರೊಲಿನಾದ ಕಾಂಕರ್ಡ್‌ನಲ್ಲಿ. ಶಾರ್ಲೆಟ್ ಯೂನಿವರ್ಸಿಟಿಯಲ್ಲಿ ಮೋಟರ್‌ಸ್ಪೋರ್ಟ್ಸ್ ಎಂಜಿನಿಯರಿಂಗ್ ಓದೋಕೆ ಬಂದವನು ಇಲ್ಲೇ ಉಳಿದೆ. ನಾಸ್ಕಾರ್ ಅನ್ನುವ, ರಸ್ತೆಯ ಮಾಮೂಲಿ ಕಾರಿನ ಹಾಗೆ ಕಾಣುವ ಸ್ಟಾಕ್ ಕಾರ್ ರೇಸಿಂಗ್‌ನ ಟೀಮುಗಳಲ್ಲಿ ಹೆಚ್ಚಿನವು ಈ ಕಡೆಯೇ ಇವೆ. ಕಾಂಕರ್ಡ್, ಮೂರ್ಸ್‌ವಿಲ್, ಹೀಗೆ. ನಾನಿದ್ದ ಟೀಮಿಗೆ ಕಳೆದ ಸೀಸನ್ ಮುಗಿದ ಮೇಲೆ ಸ್ಪಾನ್ಸರ್ ಸಿಗಲಿಲ್ಲ. ವರ್ಕ್‌ಶಾಪ್ ಮುಚ್ಚಿತು. ಕೆಲಸದ ವೀಸಾದಲ್ಲಿ ಇರುವವರಿಗೆ ಕೆಲಸ ಹೋದರೆ 60 ದಿನದ ಗಡುವು. ಅಷ್ಟರೊಳಗೆ ಇನ್ನೊಂದು ಕೆಲಸ ಹುಡುಕಿಕೊಳ್ಳಬೇಕು, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು.

ಆ ದಿನಗಳಲ್ಲಿ ಎಲ್ಲರೂ ಹೇಳಿದ್ದು ಒಂದೇ ಮಾತು, ಐಟಿಗೆ ಹೋಗಿಬಿಡು ಅಂತ. ಪ್ರೀತಿಯಿಂದಲೇ ಹೇಳಿದರು. ಆದರೂ ನಾನು ಈ ಕೆಲಸಕ್ಕೇ ಅಂಟಿಕೊಂಡೆ. ಅದಕ್ಕೆ ಕಾರಣ ನನ್ನ ಹೆಸರೂ ಗೊತ್ತಿಲ್ಲದ ಒಬ್ಬ ಡ್ರೈವರ್. ಮೊದಲ ಥ್ಯಾಂಕ್ಸ್ ಅವರಿಗೇ: ಮೈಕಲ್ ಮೆಕ್‌ಡವೆಲ್.

ಊರಲ್ಲಿರುವ ನಮ್ಮವರಿಗೆ ಈ ಹೆಸರು ಅಷ್ಟಾಗಿ ಗೊತ್ತಿರಲ್ಲ. ಅರಿಜೋನಾದವರು. ಚಿಕ್ಕವರಿದ್ದಾಗಿನಿಂದ ಗೋ-ಕಾರ್ಟ್ ಓಡಿಸಿ, 2004ರಲ್ಲಿ ಸ್ಟಾರ್ ಮಾಜ್ಡಾ ಅನ್ನುವ ರೇಸ್ ಸರಣಿಯಲ್ಲಿ ಚಾಂಪಿಯನ್ ಆಗಿ, ಆಮೇಲೆ ಸ್ಟಾಕ್ ಕಾರಿಗೆ ಬಂದರು. 2008ರಲ್ಲಿ ನಾಸ್ಕಾರ್‌ನ ಮೇಲಿನ ದರ್ಜೆಯಾದ ಕಪ್ ಸರಣಿಗೆ ಕಾಲಿಟ್ಟರು. ಎರಡನೇ ವಾರವೇ ಟೆಕ್ಸಸ್‌ನಲ್ಲಿ ಕ್ವಾಲಿಫೈಯಿಂಗ್ (ರೇಸಿನಲ್ಲಿ ಜಾಗ ಗಿಟ್ಟಿಸುವ ಓಟ) ಓಡಿಸುವಾಗ ಕಾರು ನೇರ ಗೋಡೆಗೆ ಹೊಡೆಯಿತು. ಅಲ್ಲಿಂದ ಎಂಟು ಪಲ್ಟಿ. ನಿಂತಾಗ ಅದು ಕಾರು ಅಂತ ಹೇಳೋಕೇ ಆಗುತ್ತಿರಲಿಲ್ಲ. ಮೆಕ್‌ಡವೆಲ್ ಅದರಿಂದ ಇಳಿದು ನಡೆದುಕೊಂಡು ಹೋದರು. ಭಾನುವಾರ ಇನ್ನೊಂದು ಕಾರಿನಲ್ಲಿ ರೇಸ್ ಓಡಿಸಿ 33ನೇ ಸ್ಥಾನದಲ್ಲಿ ಮುಗಿಸಿದರು. ಜಗತ್ತು ನೋಡಿದ್ದು ಆ ಪಲ್ಟಿಯ ವಿಡಿಯೊವನ್ನು. ನನಗೆ ದೊಡ್ಡದು ಅನಿಸುವುದು ಭಾನುವಾರದ ಆ 33ನೇ ಸ್ಥಾನ.

ಅದೇ ವರ್ಷ ಅವರ ಸೀಟು ಹೋಯಿತು. ಆಮೇಲೆ ಬಂದದ್ದು ಈ ಆಟದಲ್ಲಿ ಯಾರಿಗೂ ಬೇಡವಾದ ಕೆಲಸ. ಅದಕ್ಕೆ 'ಸ್ಟಾರ್ಟ್ ಅಂಡ್ ಪಾರ್ಕ್' ಅನ್ನುತ್ತಾರೆ. ಆಗ ಒಂದು ರೇಸಿಗೆ 43 ಕಾರು ಓಡುತ್ತಿದ್ದವು, ಕೊನೆಯ ಕಾರಿಗೂ ಬಹುಮಾನದ ಹಣ ಇತ್ತು. ಆದರೆ ಪೂರ್ತಿ ರೇಸ್ ಓಡಿಸಬೇಕು ಅಂದರೆ ಟೈರು, ಪೆಟ್ರೋಲು, ಎಂಜಿನ್ನು, ಪಿಟ್‌ನಲ್ಲಿ (ರೇಸಿನ ನಡುವೆ ಕಾರು ನಿಲ್ಲಿಸಿ ಟೈರು ಬದಲಿಸುವ, ಪೆಟ್ರೋಲು ತುಂಬುವ ಜಾಗ) ಕೆಲಸ ಮಾಡುವ ಹುಡುಗರು, ಎಲ್ಲದಕ್ಕೂ ದುಡ್ಡು ಬೇಕಲ್ವಾ? ಒಂದು ಸೆಟ್ ಟೈರಿಗೇ ಎರಡು ಸಾವಿರ ಡಾಲರ್ ಆಸುಪಾಸು. ಕೈ ಖಾಲಿ ಇರುವ ಟೀಮುಗಳು ಒಂದು ದಾರಿ ಕಂಡುಕೊಂಡವು. ಕಾರನ್ನು ಜೋರಾಗಿ ಓಡಿಸಿ ಕ್ವಾಲಿಫೈ ಮಾಡುವುದು. ರೇಸ್ ಶುರುವಾದ ಮೇಲೆ ಕೆಲವು ಲ್ಯಾಪ್ (ಟ್ರ್ಯಾಕಿನ ಸುತ್ತು) ಓಡಿಸಿ ಒಳಗೆ ತಂದು ನಿಲ್ಲಿಸುವುದು. ಬ್ರೇಕ್ ತೊಂದರೆ, ವೈಬ್ರೇಶನ್, ಎಂಜಿನ್ ಬಿಸಿ ಅಂತ ಏನಾದರೊಂದು ಕಾರಣ ಬರೆಸುವುದು. ಬಂದ ಹಣದಲ್ಲಿ ಮುಂದಿನ ವಾರಕ್ಕೆ ಹೋಗುವುದು.

ಮೆಕ್‌ಡವೆಲ್ ಇದನ್ನು ವರ್ಷಗಟ್ಟಲೆ ಮಾಡಿದರು. ಫಲಿತಾಂಶದ ಪಟ್ಟಿ ನೋಡಿದರೆ 40, 41, 42, 43 ಅಂತಲೇ ಇರುತ್ತದೆ. ಒಬ್ಬ ಚಾಂಪಿಯನ್ ಡ್ರೈವರ್‌ಗೆ, ಮೈಯಲ್ಲಿ ಇನ್ನೂ ಓಡಿಸುವ ಶಕ್ತಿ ಇರುವಾಗ, ಕಾರು ಸರಿಯಾಗಿಯೇ ಇರುವಾಗ, ತಿರುಗಿಸಿ ಒಳಗೆ ತಾ ಅಂದರೆ ಹೇಗಾಗಿರಬೇಡ? ಅವರನ್ನು ಕಂಡು ನಕ್ಕವರು ಇದ್ದರು. ಇವರೆಲ್ಲ ಜಾಗ ತುಂಬಿಸೋಕೆ ಬರುವವರು ಅಂದವರಿದ್ದರು. ನನಗೆ ಆ ಮಾತು ಕೇಳಿದರೆ ಈಗಲೂ ಸಿಟ್ಟು ಬರುತ್ತದೆ. ಕ್ವಾಲಿಫೈ ಆಗುವ ಆ ಒಂದೆರಡು ಲ್ಯಾಪಿನಲ್ಲಿ ಅವರು ತಪ್ಪು ಮಾಡುವ ಹಾಗೇ ಇರಲಿಲ್ಲ. ಕಾರು ಗೋಡೆಗೆ ತಾಗಿದರೆ ಟೀಮಿಗೆ ಇನ್ನೊಂದು ಕಾರಿಲ್ಲ. ಕ್ವಾಲಿಫೈ ಆಗದಿದ್ದರೆ ಆ ವಾರ ಹಣವೇ ಇಲ್ಲ. ವರ್ಕ್‌ಶಾಪಿನ ಏಳೆಂಟು ಜನರ ಮನೆ ಬಾಡಿಗೆ ಆ ಎರಡು ಲ್ಯಾಪಿನ ಮೇಲೆ ನಿಂತಿರುತ್ತಿತ್ತು. ಅದನ್ನು ಸುಮ್ನೆ ಜಾಗ ತುಂಬಿಸುವುದು ಅನ್ನೋಕಾಗುತ್ತದಾ?

ನಿಧಾನಕ್ಕೆ ದಾರಿ ತೆರೆಯಿತು. ನಾಸ್ಕಾರ್‌ನ ಅತಿ ದೊಡ್ಡ ರೇಸಾದ ಡೇಟೋನಾ 500ರಲ್ಲಿ 2013ರಲ್ಲಿ ಬಡ ಟೀಮಿನ ಕಾರನ್ನು ಒಂಬತ್ತನೇ ಸ್ಥಾನಕ್ಕೆ ತಂದರು. 2014ರಿಂದ ಲೀವೈನ್ ಫ್ಯಾಮಿಲಿ ಟೀಮ್, 2018ರಿಂದ ಬಾಬ್ ಜೆಂಕಿನ್ಸ್ ಅವರ ಫ್ರಂಟ್ ರೋ ಟೀಮ್.

2021ರ ಫೆಬ್ರವರಿ 14. ನಾನಾಗ ಇನ್ನೂ ಓದುತ್ತಿದ್ದೆ. ಡೇಟೋನಾ 500 ಶುರುವಾಗಿ ಸ್ವಲ್ಪ ಹೊತ್ತಿಗೇ ದೊಡ್ಡ ಅಪಘಾತ, ಆಮೇಲೆ ಸಿಡಿಲು ಮಳೆ. ಐದು ಗಂಟೆಗೂ ಜಾಸ್ತಿ ರೇಸ್ ನಿಂತಿತು. ರೂಮಿನವರೆಲ್ಲ ಮಲಗಿದರು, ನಾನು ಒಬ್ಬನೇ ಕೂತಿದ್ದೆ. ಮಧ್ಯರಾತ್ರಿ ದಾಟಿತ್ತು. ಕೊನೆಯ ಲ್ಯಾಪು. ಮುಂದೆ ಜೋಯಿ ಲೊಗಾನೊ, ಅವರ ಹಿಂದೆ ಬ್ರಾಡ್ ಕೆಸೆಲೌಸ್ಕಿ, ಅವರನ್ನು ತಳ್ಳುತ್ತಾ 34ನೇ ನಂಬರಿನ ಮೆಕ್‌ಡವೆಲ್. ಮೂರನೇ ತಿರುವಿಗೆ ಹೋಗುವಾಗ ಮುಂದಿನ ಇಬ್ಬರೂ ಒಬ್ಬರಿಗೊಬ್ಬರು ತಾಗಿ ತಿರುಗಿಬಿದ್ದರು. ಬೆಂಕಿ, ಹೊಗೆ. ಆ ಎರಡು ಕಾರಿನ ನಡುವೆ ಸಿಕ್ಕ ಜಾಗದಲ್ಲಿ ಮೆಕ್‌ಡವೆಲ್ ಪಾರಾಗಿ ಬಂದರು. ಅಪಘಾತಕ್ಕೆ ಹಳದಿ ದೀಪ ಹತ್ತಿತು. ಕೊನೆಯ ಲ್ಯಾಪಿನಲ್ಲಿ ಅದು ಹತ್ತಿದಾಗ ಯಾರು ಮುಂದಿರುತ್ತಾರೋ ಅವರೇ ಗೆದ್ದ ಹಾಗೆ. ಆಗ ಮೆಕ್‌ಡವೆಲ್ ಇನ್ನೊಬ್ಬ ಡ್ರೈವರ್ ಚೇಸ್ ಎಲಿಯಟ್‌ಗಿಂತ ಮುಂದಿದ್ದರು. 200 ಲ್ಯಾಪಿನ ರೇಸಿನಲ್ಲಿ ಅವರು ಮುಂದಿದ್ದದ್ದು ಆ ಕೊನೆಯ ಲ್ಯಾಪಿನಲ್ಲಿ ಮಾತ್ರ. ಕಪ್ ಸರಣಿಯಲ್ಲಿ ಅದು ಅವರ 358ನೇ ರೇಸ್, ಮೊದಲ ಗೆಲುವು.

ಅದೃಷ್ಟ ಅಂದರು ತುಂಬ ಜನ. ಅದೃಷ್ಟ ಇರಲಿಲ್ಲ ಅಂತ ನಾನು ಹೇಳಲ್ಲ. ಆದರೆ ಕೊನೆಯ ಲ್ಯಾಪಿನಲ್ಲಿ ಮೂರನೆಯವರಾಗಿ ಇರಬೇಕಿತ್ತಲ್ಲ? ಮೊದಲ ಅಪಘಾತದಲ್ಲಿ ಸಿಕ್ಕಿಹಾಕಿಕೊಳ್ಳದೆ, ಕಾರನ್ನು ಅಷ್ಟು ದೂರ ತರಬೇಕಿತ್ತಲ್ಲ? 2023ರಲ್ಲಿ ಇಂಡಿಯಾನಪೊಲಿಸ್‌ನ ರೋಡ್ ಕೋರ್ಸಿನಲ್ಲಿ (ಎಡಕ್ಕೂ ಬಲಕ್ಕೂ ತಿರುವು ಇರುವ ಟ್ರ್ಯಾಕು) 82 ಲ್ಯಾಪಿನ ಪೈಕಿ 54 ಲ್ಯಾಪ್ ತಾವೇ ಮುಂದಿದ್ದು ಗೆದ್ದಾಗ ಅದೃಷ್ಟ ಅಂದವರ ಬಾಯಿ ಮುಚ್ಚಿತು. ನಾಲ್ಕು ದಿನ ಖುಷಿಯಲ್ಲಿ ಓಡಾಡಿದೆ ನಾನು.

ಕೆಲಸ ಹೋದ ಮೇಲೆ ರಾತ್ರಿ ನಿದ್ದೆ ಬರದಾಗ ನಾನು ನೆನೆಸಿಕೊಳ್ಳುತ್ತಿದ್ದದ್ದು ಆ ಗೆಲುವನ್ನಲ್ಲ. 2010, 2011ರ ಆ ಭಾನುವಾರಗಳನ್ನು. ಕಾರು ನಿಲ್ಲಿಸಿ, ಹೆಲ್ಮೆಟ್ ತೆಗೆದು, ಮುಂದಿನ ವಾರ ಇನ್ನೊಂದು ಊರಿಗೆ ಹೊರಡುತ್ತಿದ್ದರಲ್ಲ, ಅದನ್ನು. ಮೆಕ್‌ಡವೆಲ್ ಅವರೇ, ಆ ಭಾನುವಾರಗಳಿಗೆ ಥ್ಯಾಂಕ್ಸ್. ಅವು ನನ್ನಂಥವನಿಗೆ ಎಷ್ಟು ಆಸರೆಯಾದವು ಅಂತ ನಿಮಗೆ ಗೊತ್ತಾಗುವ ದಾರಿಯೇ ಇಲ್ಲ.

ಇನ್ನು ನಮ್ಮ ಟೀಮಿನ ಡ್ರೈವರ್. ಹೆಸರು ಹಾಕಬೇಡ ಅಂದಿದ್ದಾರೆ. ಅವರೂ ಹಿಂದಿನ ಸಾಲಿನವರೇ, ಕಪ್ ಸರಣಿಯಲ್ಲಿ ಗೆಲುವು ಕಂಡವರಲ್ಲ. ರೇಸ್ ಮುಗಿದ ಟೈರಿನ ಮೇಲೆ ಟ್ರ್ಯಾಕಿನ ರಬ್ಬರ್ ಚೂರು ಅಂಟಿಕೊಂಡು ಗಟ್ಟಿಯಾಗಿರುತ್ತದೆ. ಅದನ್ನು ಹೀಟ್ ಗನ್ನಿನಿಂದ ಕಾಯಿಸಿ, ಲೋಹದ ಪಟ್ಟಿಯಿಂದ ಕೆರೆದು ತೆಗೆಯಬೇಕು. ಆಗ ಟೈರಿನ ಸಣ್ಣ ತೂತುಗಳು ಕಾಣುತ್ತವೆ, ಆ ತೂತಿನ ಆಳ ಅಳೆದರೆ ಎಲ್ಲಿ ಎಷ್ಟು ಸವೆದಿದೆ ಅಂತ ತಿಳಿಯುತ್ತದೆ. ಸುಟ್ಟ ರಬ್ಬರಿನ ವಾಸನೆ ಸ್ನಾನ ಮಾಡಿದರೂ ಹೋಗಲ್ಲ. ದೊಡ್ಡ ಟೀಮಿನ ಡ್ರೈವರುಗಳಿಗೆ ಈ ಕೆಲಸದ ಹತ್ತಿರ ಬರುವ ಅಗತ್ಯ ಇಲ್ಲ. ನಮ್ಮವರು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು ಕೆರೆಯುತ್ತಿದ್ದರು. ಬಲಗಡೆ ಮುಂದಿನ ಟೈರನ್ನು ತಾವೇ ಇಟ್ಟುಕೊಳ್ಳುತ್ತಿದ್ದರು. ಎಡಕ್ಕೇ ತಿರುಗುವ ಟ್ರ್ಯಾಕಿನಲ್ಲಿ ಜಾಸ್ತಿ ಪೆಟ್ಟು ತಿನ್ನುವುದು ಅದೇ. ಕೆರೆಯುತ್ತಾ ಕೆರೆಯುತ್ತಾ, ಯಾವ ಲ್ಯಾಪಿನಿಂದ ಕಾರು ಮಾತು ಕೇಳೋದು ನಿಲ್ಲಿಸಿತು ಅಂತ ಹೇಳುತ್ತಿದ್ದರು. ಕಾಲೇಜಿನಲ್ಲಿ ಕಲಿತದ್ದಕ್ಕಿಂತ ಅಲ್ಲಿ ಕಲಿತದ್ದೇ ಜಾಸ್ತಿ.

ಟೀಮ್ ಮುಚ್ಚಿದಾಗ ಅವರ ಸೀಟೂ ಹೋಯಿತು. ಅಂಥದ್ದರಲ್ಲೂ ತಮಗೆ ಗೊತ್ತಿದ್ದ ವರ್ಕ್‌ಶಾಪುಗಳಿಗೆಲ್ಲ ನನಗೋಸ್ಕರ ಫೋನ್ ಮಾಡಿದರು. ಎರಡು ಕಡೆ ತಾವೇ ಜೊತೆಗೆ ಬಂದರು. ಈಗಿನ ಕೆಲಸ ಸಿಕ್ಕಿದ್ದು ಹಾಗೇ. ಅವರಿಗೆ ಈ ವರ್ಷ ಕೆಲವು ರೇಸ್ ಮಾತ್ರ ಸಿಕ್ಕಿವೆ. ಸರ್, ನಿಮ್ಮ ಋಣ ತೀರಿಸೋಕೆ ನನ್ನಿಂದ ಆಗಲ್ಲ.

ಪಕ್ಕದ ಮನೆಯ ಅಜ್ಜನಿಗೂ ಥ್ಯಾಂಕ್ಸ್. ದಿನಾ ಸಂಜೆ ಬಂದು ವರಾಂಡದಲ್ಲಿ ಕೂತು ಹಳೇ ರೇಸುಗಳ ಕಥೆ ಹೇಳಿದರು. ಅವರ ಹೀರೊ ಡೇವ್ ಮಾರ್ಸಿಸ್. 1968ರಿಂದ 2002ರವರೆಗೆ 883 ರೇಸ್ ಓಡಿಸಿ 5 ಗೆದ್ದವರು. ಕಾಲಿಗೆ ರೇಸಿಂಗ್ ಶೂ ಬದಲು ಆಫೀಸಿಗೆ ಹಾಕುವಂಥ ಚರ್ಮದ ಶೂ ಹಾಕುತ್ತಿದ್ದರು, ಪೆಡಲ್ ಹತ್ತಿರದ ಕಾವು ತಡೆಯೋಕೆ. 1982ರಲ್ಲಿ ರಿಚ್ಮಂಡ್‌ನಲ್ಲಿ ಮುಂದಿದ್ದವರೆಲ್ಲ ಪಿಟ್‌ಗೆ ಹೋದಾಗ ಇವರು ಹೊರಗೇ ಉಳಿದರು. ಮಳೆ ಬಂತು, ರೇಸ್ ಅಲ್ಲಿಗೇ ಮುಗಿಯಿತು. ತಮ್ಮದೇ ಸ್ವಂತ ಟೀಮಿನ ಕಾರಿನಲ್ಲಿ ಗೆದ್ದ ಒಂದೇ ಗೆಲುವು ಅದು. ಅಜ್ಜ ಆ ಕಥೆಯನ್ನು ಪ್ರತಿಸಲ ಮೊದಲ ಸಲದ ಹಾಗೆ ಹೇಳುತ್ತಾರೆ.

ಮನೆ ಓನರ್ ಬಾಡಿಗೆ ಕೇಳಲೇ ಇಲ್ಲ, ಕೆಲಸ ಸಿಕ್ಕ ಮೇಲೆ ಕೊಡು ಅಂದರು. ಶಾರ್ಲೆಟ್‌ನ ಕನ್ನಡದ ಗೆಳೆಯರು ವೀಸಾ ಕಾಗದಪತ್ರ ನೋಡಿಕೊಂಡರು, ಹಬ್ಬಕ್ಕೆ ಕರೆದರು, ಕೆಲಸದ ಮಾತೆತ್ತದೆ ಊಟ ಬಡಿಸಿದರು. ಆ ಸೂಕ್ಷ್ಮಕ್ಕೆ ದೊಡ್ಡ ನಮಸ್ಕಾರ. ನನ್ನ ಹೆಂಡತಿಗೆ ಹೇಳಬೇಕಾದ್ದನ್ನು ಮನೆಯಲ್ಲೇ ಹೇಳಿದ್ದೇನೆ.

ಅಪ್ಪನ ಬಗ್ಗೆ ಮಾತ್ರ ಇಲ್ಲಿ ಬರೆಯಲೇಬೇಕು. ಅಪ್ಪ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ರೇಸ್ ಆದ ಮಾರನೇ ದಿನ ಫೋನ್ ಮಾಡಿದಾಗ ಅವರು ಯಾವತ್ತೂ ಗೆದ್ದಿರಾ ಅಂತ ಕೇಳಿದವರಲ್ಲ. "ಗಾಡಿ ವಾಪಸ್ ಬಂತೇನೋ? ಡ್ರೈವರ್ ಹೇಗಿದ್ದಾರೆ?" ಅಷ್ಟೇ ಕೇಳೋದು. ಕೆಲಸ ಹೋಯಿತು ಅಂದಾಗ, "ಕೈಯಲ್ಲಿ ಕೆಲಸ ಇದೆಯಲ್ಲೋ, ಶಾಪ್ ತಾನೇ ಹೋಗಿದ್ದು" ಅಂದರು. ಐಟಿ ಅಂದವರಿಗೆಲ್ಲ ನಾನು ಕೊಡಬೇಕಿದ್ದ ಉತ್ತರ ಅಪ್ಪನ ಬಾಯಲ್ಲಿ ಬಂತು.

ಈಗ ಡೇಟೋನಾಕ್ಕೆ ಕಾರು ರೆಡಿ ಮಾಡುತ್ತಿದ್ದೇವೆ. ನಮ್ಮ ಟೀಮಿಗೆ ಚಾರ್ಟರ್, ಅಂದರೆ ರೇಸಿನಲ್ಲಿ ಜಾಗ ಖಾತ್ರಿ ಮಾಡುವ ಹಕ್ಕು, ಇಲ್ಲ. 40 ಕಾರಿನಲ್ಲಿ 36ಕ್ಕೆ ಮೊದಲೇ ಜಾಗ ಖಾತ್ರಿ, ಉಳಿದ ಜಾಗಕ್ಕೆ ನಾವು ಗುದ್ದಾಡಬೇಕು. ಈ ಕಡೆ ಮೋಟರ್‌ಸ್ಪೋರ್ಟ್ಸ್ ಓದುತ್ತಿರುವ, ಕೆಲಸ ಹುಡುಕುತ್ತಿರುವ ನಮ್ಮ ಹುಡುಗ ಹುಡುಗಿಯರು ಯಾರಾದರೂ ಇದ್ದರೆ ನನಗೆ ಬರೆಯಿರಿ. ಡೇಟೋನಾದಿಂದ ಬಂದ ಮೇಲೆ ಸೋಮವಾರ, ಮಂಗಳವಾರ ನಾನು ಇಲ್ಲಿ ಕಾಂಕರ್ಡ್‌ನಲ್ಲೇ ಇರುತ್ತೇನೆ. ಯಾವ ವರ್ಕ್‌ಶಾಪಿನಲ್ಲಿ ಯಾರನ್ನು ಕೇಳಬೇಕು ಅಂತ ಗೊತ್ತಿದೆ, ಬೇಕಾದರೆ ಜೊತೆಗೂ ಬರುತ್ತೇನೆ.