ಮೊದಲು ಹಳೇ ಘಟಕದ ಬೀಗ ತೆಗೆಸಿ

ಮಾನ್ಯರೇ,

ನಮ್ಮ ಶಾಸಕರ ‘ಆದ್ಯತಾ ಪಟ್ಟಿ’ಯ ವರದಿ ನಿನ್ನೆಯ ಸಂಚಿಕೆಯಲ್ಲಿ ಫೋಟೊ ಸಮೇತ ಬಂದಿದೆ. ಮೊದಲ ಆದ್ಯತೆ ಶುದ್ಧ ಕುಡಿಯುವ ನೀರಂತೆ, ಅದಕ್ಕಾಗಿ ಸಂತೆ ಮೈದಾನದಲ್ಲಿ ಹೊಸ ಘಟಕಕ್ಕೆ ಗುದ್ದಲಿ ಪೂಜೆಯಂತೆ. ಸಂತೋಷ. ಆದರೆ ಆ ಫೋಟೊದಲ್ಲಿ ಶಾಮಿಯಾನದ ಹಿಂದೆ ಅರ್ಧ ಕಾಣುವ ನೀಲಿ ಕಟ್ಟಡ ಯಾವುದೆಂದು ನಿಮ್ಮ ವರದಿಗಾರರು ಯಾಕೋ ಬರೆದಿಲ್ಲ. ಅದೂ ಶುದ್ಧ ನೀರಿನ ಘಟಕವೇ. ಅದರ ಟೇಪು ಕತ್ತರಿಸಿದವರೂ ಇದೇ ಶಾಸಕರು. ಯುಗಾದಿಯಿಂದ ಬೀಗ ಬಿದ್ದಿದೆ.

ಪೂಜೆಗೆ ಹತ್ತು ಗಂಟೆ ಎಂದಿದ್ದರು, ಶಾಸಕರು ಬಂದದ್ದು ಒಂದೂವರೆಗೆ. ಅಲ್ಲಿಯವರೆಗೆ ರಸ್ತೆಗೆ ಶಾಮಿಯಾನ ಅಡ್ಡ. ಬಸ್ಸುಗಳು ಬೈಪಾಸಿನಲ್ಲೇ ಜನರನ್ನು ಇಳಿಸಿ ಹೋದವು. ಆಸ್ಪತ್ರೆಗೆ ಹೊರಟವರು, ಪರೀಕ್ಷೆಗೆ ಹೊರಟ ಮಕ್ಕಳು ಎಲ್ಲರೂ ಬಿಸಿಲಲ್ಲಿ ನಡೆದರು. ಕುಡಿಯುವ ನೀರಿನ ಆ ಸಮಾರಂಭದಲ್ಲಿ ವೇದಿಕೆಯ ಮೇಲಿದ್ದವರಿಗೆ ಕೊಟ್ಟದ್ದು ಬಾಟಲಿ ನೀರು.

ಹಳೇ ಘಟಕ ನಿಂತದ್ದರಲ್ಲಿ ರಹಸ್ಯವೇನೂ ಇಲ್ಲ. ಇಲ್ಲಿನ ಗಡಸು ನೀರಿನಲ್ಲಿ ಗಂಟೆಗೆ 1,000 ಲೀಟರ್ ಕೊಡುವ, ಮೆಂಬ್ರೇನ್ ಎಂಬ ತೆಳು ಪೊರೆಯಲ್ಲಿ ನೀರು ಸೋಸುವ ಆರ್‌ಒ ಘಟಕಕ್ಕೆ ಸುಮಾರು 2,000 ಲೀಟರ್ ಬೋರ್‌ವೆಲ್ ನೀರು ಬೇಕು, ಅರ್ಧದಷ್ಟು ಲವಣ ಹೊತ್ತು ಹೊರಗೇ ಹೋಗುತ್ತದೆ. ಮರಳಿನ ಫಿಲ್ಟರ್ ಮತ್ತು ಕಾರ್ಬನ್ ಫಿಲ್ಟರ್‌ಗಳನ್ನು ದಿನಕ್ಕೊಮ್ಮೆ ಹತ್ತು ಹದಿನೈದು ನಿಮಿಷ ನೀರು ಹಿಮ್ಮುಖ ಹರಿಸಿ ಬ್ಯಾಕ್‌ವಾಷ್ ಮಾಡಬೇಕು. ಅದಾದ ಮೇಲಿನ, ಸಣ್ಣ ಕಣ ಹಿಡಿಯುವ 5 ಮೈಕ್ರಾನ್ ಕಾರ್ಟ್ರಿಜ್‌ನ ಆಚೆ ಈಚೆಯ ಗೇಜ್‌ಗಳಲ್ಲಿ ಒತ್ತಡದ ಅಂತರ ಏರಿದೊಡನೆ ಅದನ್ನು ಬದಲಿಸಬೇಕು, ಅದೇನು ಲಕ್ಷದ ಬಾಬತ್ತಲ್ಲ. ಮೆಂಬ್ರೇನ್ ಮೇಲೆ ಸುಣ್ಣ ಕಟ್ಟದಂತೆ ಆಂಟಿಸ್ಕೇಲಂಟ್ ದ್ರಾವಣ ಡೋಸಿಂಗ್ ಪಂಪಿನಿಂದ ಸದಾ ಹೋಗುತ್ತಿರಬೇಕು. ಇಲ್ಲಿ ಡೋಸಿಂಗ್ ಡಬ್ಬ ಒಣಗಿಯೇ ಇತ್ತು. ನೀರು ಕಡಿಮೆ ಬರತೊಡಗಿದಾಗ ಮಾಡಿದ್ದೇನು? ಲವಣದ ನೀರು ಹೊರಬಿಡುವ ರಿಜೆಕ್ಟ್ ವಾಲ್ವ್ ಬಿಗಿದರು! ಬಿಗಿದಷ್ಟೂ ಲವಣ ಒಳಗೇ ಗಟ್ಟಿಯಾಗಿ ಸುಣ್ಣ ಇನ್ನೂ ಬೇಗ ಕಟ್ಟುತ್ತದೆ. ಕಾರ್ಟ್ರಿಜ್ ಕಟ್ಟಿಕೊಂಡು ಹೈ ಪ್ರೆಶರ್ ಪಂಪಿಗೆ ನೀರು ಸಾಲದಾದಾಗ ಅದನ್ನು ತಾನಾಗಿ ನಿಲ್ಲಿಸಬೇಕಾದ ಲೋ ಪ್ರೆಶರ್ ಸ್ವಿಚ್ಚನ್ನು ಯಾರೋ ಮಹಾನುಭಾವರು ತಪ್ಪಿಸಿ ನೇರವಾಗಿ ವೈರ್ ಕೊಟ್ಟಿದ್ದರು. ಪಂಪ್ ಒಣಗಿ ಓಡಿ ಸುಟ್ಟಿತು. ಬೀಗ ಬಿತ್ತು.

ನಿಲ್ಲಿಸುವುದಕ್ಕೂ ಒಂದು ಕ್ರಮ ಇದೆ. ವಾರಗಟ್ಟಲೆ ಘಟಕ ಓಡಿಸುವುದಿಲ್ಲವೆಂದರೆ ಮೆಂಬ್ರೇನ್ ತೊಳೆದು ಶೇ 1ರ ಸೋಡಿಯಂ ಮೆಟಾಬೈಸಲ್ಫೈಟ್ ದ್ರಾವಣ ತುಂಬಿಡಬೇಕು. ಇಲ್ಲದಿದ್ದರೆ ಒಳಗೆ ಲೋಳೆ ಬೆಳೆಯುತ್ತದೆ. ಪಂಪ್ ರಿಪೇರಿಯಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಮೆಂಬ್ರೇನ್‌ಗಳ ಖರ್ಚೂ ಸೇರಿತು.

ಹಣವಿಲ್ಲ ಎನ್ನುವಂತೆಯೂ ಇಲ್ಲ. 20 ಲೀಟರಿಗೆ 5 ರೂಪಾಯಿ ನಾಣ್ಯ. ದಿನಕ್ಕೆ 200 ಕ್ಯಾನ್ ತುಂಬಿದರೂ ತಿಂಗಳಿಗೆ 30 ಸಾವಿರ. ಆ ನಾಣ್ಯದ ಪೆಟ್ಟಿಗೆಯ ಕೀಲಿ ಯಾರ ಬಳಿ ಎಂದು ಕೇಳಿದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಗುತ್ತಿಗೆದಾರನ ಕಡೆ ಕೈ ತೋರಿಸುತ್ತಾರೆ, ಗುತ್ತಿಗೆದಾರ ನಿರ್ವಹಣೆ ಅವಧಿ ಮುಗಿಯಿತು ಎನ್ನುತ್ತಾನೆ, ಕಿರಿಯ ಎಂಜಿನಿಯರ್ (ಜೆಇ) ಸಾಹೇಬರು ಹಸ್ತಾಂತರವೇ ಆಗಿಲ್ಲ ಎನ್ನುತ್ತಾರೆ. ಹಸ್ತಾಂತರ ಆಗದ ಘಟಕದ ಅವಧಿ ಮುಗಿದದ್ದು ಹೇಗೆ ಎಂದು ಮಾತ್ರ ಕೇಳಬಾರದು.

ಅಲ್ಲಿಯವರೆಗೆ ಏನು ಕುಡಿಯಬೇಕು? ಪಂಚಾಯಿತಿ ಆಟೊದಲ್ಲಿ ಮೈಕ್ ಕಟ್ಟಿಸಿ ‘ಬೋರ್ ನೀರನ್ನು ಕುದಿಸಿ ಆರಿಸಿ ಕುಡಿಯಿರಿ’ ಎಂದು ಕೂಗಿಸಿತು. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಕುಡಿಯುವ ನೀರಿನ ಮಾನದಂಡದಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ ಹೆಚ್ಚೆಂದರೆ 1.5. ನಮ್ಮ ಬೋರ್‌ವೆಲ್ಲಿನ ಪರೀಕ್ಷಾ ವರದಿಯನ್ನು ನೋಟಿಸ್ ಬೋರ್ಡಿಗೆ ಹಾಕಿ ಎಂದರೆ ಬೋರ್ಡೇ ಇಲ್ಲ ಎಂದರು.

ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. ಶಾಸಕರು ಕಾಮಗಾರಿ ಸೂಚಿಸುತ್ತಾರೆ, ಜಿಲ್ಲಾಧಿಕಾರಿ ಮಂಜೂರು ಮಾಡುತ್ತಾರೆ, ಬಾಳಿಕೆ ಬರುವ ಆಸ್ತಿ ನಿರ್ಮಾಣವಾಗಬೇಕು ಎಂಬುದು ಉದ್ದೇಶ. ಕಟ್ಟಿದರೆ ಹೆಸರಿನ ಕಲ್ಲು ಉಂಟು. ಕಾರ್ಟ್ರಿಜ್ ಬದಲಿಸಿದ್ದಕ್ಕೆ ಕಲ್ಲು ಹಾಕಿಸಿಕೊಂಡವರನ್ನು ಯಾರಾದರೂ ಕಂಡಿದ್ದೀರಾ? ಹೊಸ ಘಟಕಕ್ಕೂ ಅದೇ ಬೋರ್‌ವೆಲ್ ಎಂದು ಪೂಜೆಯ ದಿನ ಇಲಾಖೆಯವರೇ ಹೇಳಿದರು. ಅದೇ ನೀರು, ಅದೇ ಸುಣ್ಣ, ಬಹುಶಃ ಅದೇ ಗುತ್ತಿಗೆದಾರ.

ಇದೊಂದೇ ಆಗಿದ್ದರೆ ಸುಮ್ಮನಿರಬಹುದಿತ್ತು. ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿ ಸಕ್ರಮಗೊಳಿಸುವ ಬಗರ್ ಹುಕುಂ ಸಮಿತಿಗೂ ಶಾಸಕರೇ ಅಧ್ಯಕ್ಷರು. 2005ಕ್ಕೂ ಮುಂಚಿನಿಂದ ಉಳುಮೆ ಮಾಡುತ್ತಿರುವವರು ಸಕ್ರಮದ ಅರ್ಜಿ ನಮೂನೆ 57 ಸಲ್ಲಿಸಿ ರಸೀದಿ ಮಡಚಿ ಮಡಚಿ ಹರಿದಿದೆ, ಸಮಿತಿಯ ಸಭೆ ಮಾತ್ರ ‘ಮುಂದಿನ ವಾರ’. ತಾಲ್ಲೂಕಿನ ಕೆಡಿಪಿ (ಅಭಿವೃದ್ಧಿ ಕೆಲಸಗಳ ಪ್ರಗತಿ ಪರಿಶೀಲನೆ) ಸಭೆಯಲ್ಲಿ ಅಧಿಕಾರಿಗಳನ್ನು ತರಾಟೆಗೆ ತೆಗೆದುಕೊಂಡರು ಎಂದು ಪ್ರತಿ ಸಲ ನೀವೂ ಬರೆಯುತ್ತೀರಿ, ಅದೇ ಅಧಿಕಾರಿಗಳು ಮುಂದಿನ ಸಭೆಗೆ ಅದೇ ‘ಪ್ರಗತಿಯಲ್ಲಿದೆ’ ತರುತ್ತಾರೆ. ಸರ್ಕಾರದ ದೂರು ಸಹಾಯವಾಣಿ 1902ಕ್ಕೆ ಕರೆ ಮಾಡಿ ಘಟಕದ ದೂರು ಕೊಟ್ಟರೆ ಮೊಬೈಲಿಗೆ ‘ಇತ್ಯರ್ಥಪಡಿಸಲಾಗಿದೆ’ ಎಂಬ ಸಂದೇಶ ಬರುತ್ತದೆ. ನೀರು ಬರುವುದಿಲ್ಲ. ಬಸ್ ತಂಗುದಾಣದ ಚಾವಣಿ ಹಾರಿಹೋಗಿ ಒಂದು ಮಳೆಗಾಲ ಕಳೆಯಿತು, ಅದರ ಮೇಲಿದ್ದ ಹೆಸರಿನ ಫಲಕ ಮಾತ್ರ ಭದ್ರವಾಗಿದೆ. ಬೇಕಾದಲ್ಲಿ ಗುಣಮಟ್ಟ ಬರುತ್ತದೆ ಎಂದಾಯಿತು.

ಆದ್ದರಿಂದ ಶಾಸಕರು ಹಳೇ ಘಟಕವನ್ನು ಕೂಡಲೇ ದುರಸ್ತಿ ಮಾಡಿಸಲಿ, ಇಲ್ಲವೇ ಹೊಸದನ್ನಾದರೂ ಬೇಗ ಮುಗಿಸಲಿ, ಅಥವಾ ಎರಡನ್ನೂ ಮಾಡಲಿ. ಸಂಬಂಧಪಟ್ಟವರು ಇತ್ತ ಗಮನಹರಿಸಬೇಕು. ಸಂಬಂಧಪಟ್ಟವರು ಯಾರೆಂದು ಮೊದಲು ಅವರವರೇ ಕೂತು ತೀರ್ಮಾನ ಮಾಡಿಕೊಳ್ಳಲಿ. ಹಾಗೆಯೇ ಪೂಜೆಗೆ ಕಟ್ಟಿದ ಫ್ಲೆಕ್ಸನ್ನಾದರೂ ಬಿಚ್ಚಿಸಿ ಪುಣ್ಯ ಕಟ್ಟಿಕೊಳ್ಳಿ, ತಿರುವಿನಲ್ಲಿ ಎದುರಿನ ಗಾಡಿ ಕಾಣುತ್ತಿಲ್ಲ.

-ಖಾಲಿ ಕ್ಯಾನ್ ಹಿಡಿದ ಒಬ್ಬ ಮತದಾರ