ಅವರು ಗೆದ್ದರೆ ನಿನಗೇನಮ್ಮಾ ಅಂದೆಯಲ್ಲ

ಪುಟ್ಟೀ,

ಆವತ್ತು ರಾತ್ರಿ ನೀನು ಫೋನ್ ಮಾಡಿದಾಗ ನಾನು ಅಳುತ್ತಿದ್ದೆ. ಅಜ್ಜನಿಗೆ ಏನೋ ಆಯ್ತು ಅಂತ ನೀನು ಹೆದರಿಬಿಟ್ಟೆ. ಇಲ್ಲ ಮಾರಾಯ್ತಿ, ಹರ್ಮನ್‌ಪ್ರೀತ್ ಕ್ಯಾಚ್ ಹಿಡಿದಳು, ಹೆಣ್ಣುಮಕ್ಕಳ ಕ್ರಿಕೆಟ್ ವಿಶ್ವಕಪ್ ನಮ್ಮದಾಯ್ತು ಅಂದೆ. ನೀನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರು ಗೆದ್ದರೆ ನಿನಗೇನಮ್ಮಾ?" ಅಂತ ಕೇಳಿದೆ. ಚುಚ್ಚೋಕೆ ಕೇಳಿದ್ದಲ್ಲ, ಗೊತ್ತು. ಆದರೆ ಫೋನಿನಲ್ಲಿ ನನಗೆ ಉತ್ತರ ಹೊಳೆಯಲಿಲ್ಲ. ಅದಕ್ಕೇ ಈ ಕಾಗದ.

1996ರ ಅಕ್ಟೋಬರ್ 21. ನಾನು ಏಳನೇ ಕ್ಲಾಸು. ಆ ಮಳೆಗಾಲ ಕೊಳೆರೋಗ ಬಂದು ಅರ್ಧ ಅಡಿಕೆ ತೋಟದಲ್ಲೇ ಉದುರಿತ್ತು. ಅಪ್ಪಯ್ಯ, ಅಂದರೆ ನಿನ್ನ ಅಜ್ಜ, ಯಾರ ಜೊತೆಗೂ ಮಾತೇ ಆಡುತ್ತಿರಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದರು, ಉಂಡು ಎದ್ದು ಹೋಗುತ್ತಿದ್ದರು, ಅಷ್ಟೇ. ಆವತ್ತು ರಾತ್ರಿ ಜಗುಲಿಯಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಎಲ್ಲರೂ ಅಡಿಕೆ ಸುಲಿಯುತ್ತಿದ್ದರು, ಕರೆಂಟು ಯಾವತ್ತಿನ ಹಾಗೆ ಇರಲಿಲ್ಲ, ಎರಡು ಲಾಟೀನು, ಮಧ್ಯದಲ್ಲಿ ಸೆಲ್ ಹಾಕಿದ ರೇಡಿಯೋ. ಬೆಂಗಳೂರಿನಲ್ಲಿ ಆಸ್ಟ್ರೇಲಿಯಾ ಮೇಲೆ ಮ್ಯಾಚು, ಟೈಟನ್ ಕಪ್. ಕಾಮೆಂಟ್ರಿ ಹಿಂದಿಯಲ್ಲಿ. ಶಾಲೆಯಲ್ಲಿ ಹಿಂದಿ ಕಲಿತವಳು ನಾನೊಬ್ಬಳೇ, ಹಾಗಾಗಿ ಎಲ್ಲರಿಗೂ ನಾನೇ ಹೇಳಬೇಕಿತ್ತು. ಸಚಿನ್ 88ಕ್ಕೆ ಔಟಾದಾಗ ಸ್ಕೋರು ಎಂಟು ವಿಕೆಟ್‌ಗೆ 164, ಗೆಲ್ಲೋಕೆ ಇನ್ನೂ 52 ರನ್ನು ಬೇಕು. ಚಿಕ್ಕಪ್ಪ ಮುಗೀತು ಅಂತ ಮಲಗೋಕೆ ಹೋದರು.

ಆಗ ಅಪ್ಪಯ್ಯ ಬಾಯಿ ಬಿಟ್ಟರು. "ಕುಂಬ್ಳೆ ಇದಾನೆ, ಶ್ರೀನಾಥ ಇದಾನೆ. ನಮ್ಮವರು ಇಬ್ರೂ."

ಆಮೇಲೆ ಸುಲಿಯುವ ಕೈ ಪ್ರತಿ ಬಾಲಿಗೂ ನಿಲ್ಲುತ್ತಿತ್ತು. ರನ್ನು ಅಂದರೆ ಏನು ಅಂತ ಗೊತ್ತಿಲ್ಲದ ನನ್ನ ಅಜ್ಜಿ ಗಣಪತಿಗೆ ಕಾಯಿ ಹೇಳಿಕೊಂಡರು, ಮತ್ತೆ ಯಾರಿಗೂ ಕೂತ ಜಾಗದಿಂದ ಏಳೋಕೆ ಬಿಡಲಿಲ್ಲ. ಅಪ್ಪಯ್ಯ ಮಾತ್ರ ಪ್ರತಿ ಸಲ ನನ್ನ ಕಡೆ ತಿರುಗಿ, "ಎಂತ ಆಯ್ತೇ? ಎಂತ ಆಯ್ತೇ?" ಇಬ್ಬರೇ 52 ರನ್ನೂ ಹೊಡೆದು ಮುಗಿಸಿದಾಗ ಅಪ್ಪಯ್ಯ ನನ್ನನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದರು, ಅಷ್ಟು ದೊಡ್ಡ ಹುಡುಗಿಯನ್ನು, ಅಡಿಕೆ ಕಲೆಯ ಕೈಯಲ್ಲೇ. ಮರುದಿನ ಕೊಳೆರೋಗ ಹೋಗಿರಲಿಲ್ಲ, ಸಾಲವೂ ಹಾಗೇ ಇತ್ತು. ಆದರೆ ಅಪ್ಪಯ್ಯ ಬೆಳಗ್ಗೆ ಕಾಫಿ ಕುಡಿಯುತ್ತಾ ಅಮ್ಮನಿಗೆ ಶ್ರೀನಾಥ್ ಹೊಡೆದ ರೀತಿಯನ್ನು, ರೇಡಿಯೋದಲ್ಲಿ ಕೇಳಿದ್ದನ್ನೇ, ಕಣ್ಣಾರೆ ಕಂಡವರ ಹಾಗೆ ವಿವರಿಸುತ್ತಿದ್ದರು. ಮನೆಗೆ ಮಾತು ವಾಪಸ್ ಬಂತು ಪುಟ್ಟೀ.

ಕ್ರಿಕೆಟಿಗ ಜಿ.ಆರ್. ವಿಶ್ವನಾಥ್ ಕತೆಯನ್ನು ನಿನಗೂ ಅಜ್ಜ ಹೇಳಿರಬೇಕು. ನಮ್ಮ ಭದ್ರಾವತಿಯಲ್ಲಿ ಹುಟ್ಟಿದವರು. 1969ರಲ್ಲಿ ಕಾನ್ಪುರದಲ್ಲಿ ಮೊದಲ ಟೆಸ್ಟ್, ಮೊದಲ ಇನ್ನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಅಜ್ಜನಿಗೆ ಅದಕ್ಕಿಂತ ಇಷ್ಟ 1980ರ ಬಾಂಬೆ ಟೆಸ್ಟು. ವಿಶ್ವನಾಥ್ ಕ್ಯಾಪ್ಟನ್. ಇಂಗ್ಲೆಂಡಿನ ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟಾಗಿತ್ತು, ಆದರೆ ಬಾಲು ಬ್ಯಾಟಿಗೆ ತಾಗಿಲ್ಲ ಅನ್ನಿಸಿ ಇವರೇ ವಾಪಸ್ ಕರೆಸಿದರು. ಟೇಲರ್ ನಿಂತು ಆಡಿದ, ಆ ಮ್ಯಾಚನ್ನು ನಾವು ಸೋತೆವು. ಆ ಸೋಲನ್ನು ಅಜ್ಜ ಯಾವ ಗೆಲುವಿಗಿಂತಲೂ ಜಾಸ್ತಿ ಹೆಮ್ಮೆಯಿಂದ ಹೇಳುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ.

ಆದರೆ ಇಷ್ಟೆಲ್ಲ ಕೇಳಿ ಬೆಳೆದ ನನಗೆ ಒಂದು ದಿನವೂ ಬ್ಯಾಟಿಂಗ್ ಸಿಗಲಿಲ್ಲ. ಗದ್ದೆ ಕೊಯ್ಲಾದ ಮೇಲೆ ಹುಡುಗರು ಆಡುತ್ತಿದ್ದರು, ನಾನು ಹೊಳೆ ಕಡೆ ಹೋದ ಬಾಲು ತಂದುಕೊಡುವವಳು. ಕೇಳಿದರೆ, ಹುಡುಗಿಗೆ ಯಾಕೆ ಅಂತ. ಅದಕ್ಕೇ ನಮ್ಮ ಪಕ್ಕದ ಕಡೂರಿನ ವೇದಾ ಕೃಷ್ಣಮೂರ್ತಿ 2017ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ವಿಶ್ವಕಪ್ ಫೈನಲ್ ಆಡುತ್ತಿದ್ದಾಗ ನಾನು ಒಲೆ ಆರಿಸಿ ಟೀವಿ ಮುಂದೆ ನಿಂತೇ ಇದ್ದೆ, ಕೂರೋಕೇ ಆಗಲಿಲ್ಲ. ಒಂಬತ್ತೇ ಒಂಬತ್ತು ರನ್ನಿಗೆ ಸೋತೆವು. ಆವತ್ತು ಊಟ ಸೇರಲಿಲ್ಲ. ನೀನಿನ್ನೂ ಚಿಕ್ಕವಳು, ನೆನಪಿರಲಿಕ್ಕಿಲ್ಲ.

ಎಂಟು ವರ್ಷ ಕಾದೆ. 2025ರ ನವೆಂಬರ್ 2ರಂದು ಮುಂಬೈ ಕಡೆ ಮಳೆ ಬಂದು ಆಟ ತಡವಾಗಿ ಶುರುವಾಯಿತು. ಸುಲಿಯೋಕೆ ಈಗ ಮೆಷಿನ್ ಬಂದಿದೆ, ಜಗುಲಿಯಲ್ಲಿ ನಾನು ಮತ್ತೆ ಅಜ್ಜ ಇಬ್ಬರೇ. ಅಜ್ಜನಿಗೆ ಕಿವಿ ಕೇಳಿಸುವುದಿಲ್ಲ, ಟೀವಿಯ ಅಕ್ಷರ ಕಾಣುವುದಿಲ್ಲ. ನಿದ್ದೆ ಬಂದರೆ ಮಲಗಿ ಅಂದರೂ ಏಳಲಿಲ್ಲ. ಪ್ರತಿ ವಿಕೆಟ್‌ಗೂ ನನ್ನ ಸೆರಗು ಜಗ್ಗಿ ಅದೇ ಮಾತು, "ಎಂತ ಆಯ್ತೇ?" ಕೊನೆಯ ಕ್ಯಾಚ್ ಆದಾಗ ಗೆದ್ವು ಅಪ್ಪಯ್ಯ ಅಂತ ಅವರ ಕಿವಿಯ ಹತ್ತಿರ ಕೂಗಿದೆ.

"ಎಷ್ಟು ರನ್ನಿಗೆ?" ಅಂದರು.

52 ಅಂದೆ.

ಅವರಿಗೂ ಅದೇ ರಾತ್ರಿ ನೆನಪಾಯಿತೋ ಏನೋ, ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು, ಬಿಡಲೇ ಇಲ್ಲ. ಅಷ್ಟರಲ್ಲೇ ನಿನ್ನ ಫೋನ್ ಬಂದಿದ್ದು.

ನಿನ್ನ
ಅಮ್ಮ