ಹೆರಿಗೆ ಕೋಣೆಯ ಆ ಸಿಸ್ಟರ್ ಅವರಿಗೆ

ಮೈಸೂರಿನ ಚೆಲುವಾಂಬ ಆಸ್ಪತ್ರೆಯಲ್ಲಿ ನನ್ನ ಎರಡನೆಯ ಮಗು ಹುಟ್ಟಿದ ರಾತ್ರಿ ಜೊತೆಗಿದ್ದು, ನಾನು ಹೆಸರು ಕೇಳುವ ಮೊದಲೇ ಪಾಳಿ ಮುಗಿಸಿ ಹೊರಟುಹೋದ ಸಿಸ್ಟರ್ ಅವರಿಗೆ ಹೃತ್ಪೂರ್ವಕ ಕೃತಜ್ಞತೆಗಳು.

ಎರಡನೆಯ ಹೆರಿಗೆ ಸಾಮಾನ್ಯವಾಗಿ ಮೊದಲನೆಯದಕ್ಕಿಂತ ಬೇಗ ಆಗುತ್ತದೆ. ಆದರೆ ಬೇಗ ಬರುವ ನೋವು ಹಗುರವಾದ ನೋವಲ್ಲ ಎಂಬುದನ್ನು ಅನುಭವಿಸಿದವರೇ ಬಲ್ಲರು. ಗರ್ಭಕೋಶದ ಬಾಯಿ 10 ಸೆಂಟಿಮೀಟರ್ ತೆರೆದುಕೊಳ್ಳುವ ಮುನ್ನವೇ ಮುಕ್ಕಬೇಕೆಂಬ ಒತ್ತಡ ತಡೆಯಲಾರದಂತೆ ಬಂದಾಗ, ಅವರು ನನ್ನನ್ನು ಎಡಮಗ್ಗುಲಿಗೆ ತಿರುಗಿಸಿ, ಸೊಂಟದ ಕೆಳಭಾಗವನ್ನು ಅಂಗೈಯಿಂದ ಬಲವಾಗಿ ಒತ್ತಿ ಹಿಡಿದು, "ಈಗ್ಲೇ ಮುಕ್ಕಬೇಡ ಕಣವ್ವ, ಬಾಯಲ್ಲಿ ಉಸ್ರು ಬಿಡು, ನಾನಿಲ್ಲೇ ಇವ್ನಿ" ಎಂದು ಪ್ರತಿ ನೋವಿಗೂ ಹೇಳುತ್ತಿದ್ದರು. ಆ ಅಂಗೈಯ ಒತ್ತಡದಲ್ಲಿ ನೋವು ಅರ್ಧ ಇಳಿದಂತೆ ಆಗುತ್ತಿತ್ತು. ನಮ್ಮ ಮಂಡ್ಯದ ಮಾತು ಆ ಹೊತ್ತಿನಲ್ಲಿ ಕಿವಿಗೆ ಬಿದ್ದದ್ದೂ ನನಗೆ ದೊಡ್ಡ ಧೈರ್ಯ.

ಮಗುವನ್ನು ಒರೆಸಿ ನೇರವಾಗಿ ನನ್ನ ಎದೆಯ ಮೇಲೆ ಮಲಗಿಸಿ, ಮೊದಲ ಗಂಟೆಯೊಳಗೇ ಹಾಲು ಕುಡಿಸಿದರು. ಮಗು ಚೀಪಿದರೆ ಗರ್ಭಕೋಶ ಬಿಗಿದುಕೊಂಡು ರಕ್ತಸ್ರಾವ ಕಡಿಮೆಯಾಗುತ್ತದೆಂದು ತಿಳಿಸಿದರು. ಮಾಸು ಬಿದ್ದ ಮೇಲೆ ಅದನ್ನು ಬೆಳಕಿಗೆ ಹಿಡಿದು, ತುಣುಕೇನಾದರೂ ಒಳಗೆ ಉಳಿದಿದೆಯೇ ಎಂದು ಅವರು ಅವಸರವಿಲ್ಲದೆ ಪರೀಕ್ಷಿಸಿದ್ದನ್ನು ನಾನು ಮರೆಯಲಾರೆ. ಇಂಥ ಎಚ್ಚರಿಕೆಯೇ ಬಾಣಂತಿಯರ ಜೀವ ಉಳಿಸುತ್ತದೆ.

ಹೊರಗೆ ಅಜ್ಜಿಯ ಮಡಿಲಲ್ಲಿ ತೂಕಡಿಸುತ್ತಿದ್ದ ನನ್ನ ದೊಡ್ಡ ಮಗಳಿಗೆ ತಮ್ಮ ಹುಟ್ಟಿದ ಸುದ್ದಿ ಹೇಳಿದವರೂ ಅವರೇ. ಅವರನ್ನು ಬಲ್ಲವರು ಇದನ್ನು ಓದಿದರೆ ದಯವಿಟ್ಟು ನಮ್ಮ ಮನೆಯವರೆಲ್ಲರ ನಮಸ್ಕಾರವನ್ನು ಅವರಿಗೆ ತಲುಪಿಸಬೇಕೆಂದು ಕೋರುತ್ತೇನೆ.